ಕುಡಿದು ಗುದ್ದಿದ ಕೇಸು ಮೊದಲ ಕೆಲವು ಗಂಟೆಗಳಲ್ಲೇ ಸೋಲುವುದು ಹೇಗೆ?

2024ರ ಫೆಬ್ರುವರಿ 28. ನವಿ ಮುಂಬೈನ ಪಾಮ್ ಬೀಚ್ ರಸ್ತೆ. ಬೆಳಗಿನ ಆರಕ್ಕೆ ಇನ್ನೂ ಹತ್ತು ನಿಮಿಷ ಇತ್ತು. ಇಂಟೆಲ್ ಇಂಡಿಯಾದ ಮಾಜಿ ಮುಖ್ಯಸ್ಥ ಅವತಾರ್ ಸೈನಿ ಜೊತೆಗಾರರೊಂದಿಗೆ ಸೈಕಲ್ ಹೊಡೆಯುತ್ತಿದ್ದರು. 386, 486 ಎಂಬ ಹೆಸರಾಂತ ಕಂಪ್ಯೂಟರ್ ಚಿಪ್‌ಗಳನ್ನು ರೂಪಿಸಿದ ತಂಡದಲ್ಲಿ ಇದ್ದವರು, ವಯಸ್ಸು 68. ಹಿಂದಿನಿಂದ ಬಂದ ಕ್ಯಾಬ್ ಗುದ್ದಿತು. ಚಾಲಕ ಅಲ್ಲಿಂದ ಹೊರಡಲು ನೋಡಿದ. ಸೈಕಲ್ಲಿನ ಫ್ರೇಮ್ ಮಾತ್ರ ಕಾರಿನ ಮುಂದಿನ ಚಕ್ರದ ಕೆಳಗೆ ಸಿಕ್ಕಿಕೊಂಡಿತ್ತು. ಸೈನಿ ಬದುಕಲಿಲ್ಲ. ಪೊಲೀಸರು ಹಾಕಿದ್ದು ಸೆಕ್ಷನ್ 304ಎ, ಅಂದರೆ ನಿರ್ಲಕ್ಷ್ಯದಿಂದಾದ ಸಾವು.

ಅದಾಗಿ ಮೂರು ತಿಂಗಳೂ ಆಗಿರಲಿಲ್ಲ. ಮೇ 19ರ ನಡುರಾತ್ರಿ ಪುಣೆಯ ಕಲ್ಯಾಣಿ ನಗರದಲ್ಲಿ ಪೋರ್ಷೆ ಕಾರೊಂದು ಬೈಕಿಗೆ ಗುದ್ದಿ ಇಬ್ಬರು ಯುವ ಎಂಜಿನಿಯರ್‌ಗಳು ಸತ್ತರು. ಕಾರು ಓಡಿಸುತ್ತಿದ್ದವನು 17ರ ಹುಡುಗ, ಪಬ್‌ನಿಂದ ಬರುತ್ತಿದ್ದ ಅಂತ ಪೊಲೀಸರು ಹೇಳಿದರು. ಮೊದಲು 304ಎ, ಆಮೇಲೆ 304, ಅಂದರೆ ನರಹತ್ಯೆ. ಹದಿನೈದು ಗಂಟೆಯೊಳಗೆ ಜಾಮೀನು, ಜೊತೆಗೆ 300 ಪದಗಳ ಪ್ರಬಂಧ ಬರೆಯುವ ಷರತ್ತು. ದೇಶವೇ ಕೆರಳಿತು.

ಇಂಥ ಸುದ್ದಿ ಬಂದಾಗಲೆಲ್ಲ ಕೇಳುವ ಪ್ರಶ್ನೆಗಳು ಒಂದೇ. ಕುಡಿದು ಒಬ್ಬರ ಜೀವ ತೆಗೆದರೆ ಅದು ಕೊಲೆ ಯಾಕಲ್ಲ? ಸಂಜೆಯೊಳಗೆ ಬೇಲ್ ಹೇಗೆ ಸಿಗುತ್ತದೆ? ಒಂದು ಕೇಸಿನಲ್ಲಿ ಎರಡು ವರ್ಷ, ಇನ್ನೊಂದರಲ್ಲಿ ಹತ್ತು ವರ್ಷ, ಮತ್ತೊಂದರಲ್ಲಿ ಖುಲಾಸೆ, ಇದೇನು ಲಾಟರಿನಾ? ಲಾಟರಿ ಅಲ್ಲ. ಆದರೆ ಫಲಿತಾಂಶ ನಿರ್ಧಾರ ಆಗುವುದು ನಾವು ನೋಡುವ ಕೋರ್ಟ್ ಹಾಲ್‌ನಲ್ಲಿ ಅಲ್ಲ. ಬಹಳ ಸಲ ಅಪಘಾತವಾದ ಮೊದಲ ಕೆಲವು ಗಂಟೆಗಳಲ್ಲಿ, ಠಾಣೆಗೂ ಆಸ್ಪತ್ರೆಗೂ ನಡುವೆ ಎಲ್ಲೋ ಅದು ಮುಗಿದುಹೋಗಿರುತ್ತದೆ.

ಒಂದು ಸಾವು, ಎರಡು ಸೆಕ್ಷನ್

2024ರ ಜುಲೈ 1ರಿಂದ ಐಪಿಸಿ, ಅಂದರೆ ಭಾರತೀಯ ದಂಡ ಸಂಹಿತೆ ಹೋಗಿ ಭಾರತೀಯ ನ್ಯಾಯ ಸಂಹಿತೆ ಬಂದಿದೆ. ಹಳೆಯ 304ಎ ಈಗ 106(1). ಹಳೆಯ 304 ಈಗ 105. ನಂಬರ್ ಬದಲಾಯಿತು, ಒಳಗಿನ ತರ್ಕ ಬಹುತೇಕ ಅದೇ.

106(1) ಅಂದರೆ ದುಡುಕಿನಿಂದ ಅಥವಾ ನಿರ್ಲಕ್ಷ್ಯದಿಂದ ಆದ ಸಾವು. ಮೊದಲು ಹೆಚ್ಚೆಂದರೆ 2 ವರ್ಷ ಇತ್ತು, ಈಗ 5 ವರ್ಷ. ಆದರೆ ಇದು ಜಾಮೀನು ಸಿಗುವ ಅಪರಾಧ. ಇಲ್ಲಿ ಜಾಮೀನು ಆರೋಪಿಯ ಹಕ್ಕು, ಯಾರೂ ಮಾಡುವ ದಯೆ ಅಲ್ಲ. ಠಾಣೆಯಲ್ಲೇ ಸಿಗುತ್ತದೆ. "ಸಂಜೆಗೆ ಹೊರಗೆ ಬಂದ" ಅಂತ ಓದಿದರೆ, ಯಾರೋ ದುಡ್ಡು ತಿಂದಿದ್ದಾರೆ ಅಂತಲೇ ಅಂದುಕೊಳ್ಳಬೇಕಿಲ್ಲ. ಹಾಕಿದ ಸೆಕ್ಷನ್ನೇ ಹಾಗಿದೆ.

105 ಅಂದರೆ ಕೊಲೆಯ ಮಟ್ಟಕ್ಕೆ ಏರದ ನರಹತ್ಯೆ. ಸಾಯಿಸುವ ಉದ್ದೇಶ ಇಲ್ಲದಿದ್ದರೂ, ಹೀಗೆ ಮಾಡಿದರೆ ಜನ ಸಾಯಬಹುದು ಅನ್ನುವುದು ಗೊತ್ತಿದ್ದೂ ಮಾಡಿದರೆ 10 ವರ್ಷದವರೆಗೆ ಶಿಕ್ಷೆ. ಜಾಮೀನು ಹಕ್ಕಲ್ಲ, ನ್ಯಾಯಾಧೀಶರು ಯೋಚಿಸಿ ಕೊಡಬೇಕು. ವಿಚಾರಣೆ ಸೆಷನ್ಸ್ ಕೋರ್ಟಿನಲ್ಲಿ.

ಕೊಲೆ ಅನ್ನಬೇಕಾದರೆ ಉದ್ದೇಶ ಬೇಕು, ಇಲ್ಲವೇ ಅದಕ್ಕೆ ಸಮನಾದ ಖಚಿತವಾದ ಅರಿವು ಬೇಕು. ಕುಡಿದು ಓಡಿಸಿದವನಿಗೆ ರಸ್ತೆಯಲ್ಲಿ ಯಾರನ್ನೋ ಮುಗಿಸುವ ಉದ್ದೇಶ ಇರಲ್ಲ ಅಲ್ವಾ? ಹಾಗಾಗಿ ಜಗಳವೆಲ್ಲ ಈ ಎರಡು ಸೆಕ್ಷನ್‌ಗಳ ನಡುವೆ. ಅದರಲ್ಲೂ ಒಂದೇ ಪದದ ಮೇಲೆ: ಗೊತ್ತಿತ್ತಾ?

"ಗೊತ್ತಿತ್ತು" ಅಂತ ಸಾಬೀತು ಮಾಡುವುದು

ಅಮಲಿನಲ್ಲಿದ್ದೆ, ಏನೂ ತಿಳಿಯಲಿಲ್ಲ ಅನ್ನುವ ವಾದ ಕಾನೂನಿನಲ್ಲಿ ನಿಲ್ಲಲ್ಲ. ತಾನಾಗಿ ಕುಡಿದವನಿಗೆ, ಕುಡಿಯದೆ ಇದ್ದಿದ್ದರೆ ಎಷ್ಟು ತಿಳಿವಳಿಕೆ ಇರುತ್ತಿತ್ತೋ ಅಷ್ಟೂ ಇತ್ತು ಅಂತಲೇ ಸಂಹಿತೆಯ ಸೆಕ್ಷನ್ 24 ಹಿಡಿಯುತ್ತದೆ. ಆದರೆ ಕುಡಿದಿದ್ದ ಅನ್ನುವುದೊಂದೇ 105ಕ್ಕೆ ಸಾಲದು. ಎಷ್ಟು ಕುಡಿದಿದ್ದ, ಎಷ್ಟು ವೇಗ, ಎಂಥ ರಸ್ತೆ, ಗುದ್ದಿದ ಮೇಲೆ ಏನು ಮಾಡಿದ, ಎಲ್ಲವನ್ನೂ ಕೋರ್ಟ್ ಒಟ್ಟಿಗೆ ತೂಗುತ್ತದೆ.

2006ರ ನವೆಂಬರ್ 12ರಂದು ಮುಂಬೈನ ಕಾರ್ಟರ್ ರಸ್ತೆಯಲ್ಲಿ ಕಾರೊಂದು ಪಾದಚಾರಿ ಹಾದಿಯ ಮೇಲೆ ಮಲಗಿದ್ದ ಕೂಲಿಗಳ ಮೇಲೆ ಹರಿಯಿತು. 7 ಜನ ಸತ್ತರು. ಚಾಲಕನ ರಕ್ತದಲ್ಲಿ 100 ಮಿಲಿಗೆ 112 ಮಿಲಿಗ್ರಾಂ ಆಲ್ಕೋಹಾಲ್ ಇತ್ತು. ಕಾನೂನಿನ ಮಿತಿ 30. ಕೆಳಗಿನ ಕೋರ್ಟ್ ನಿರ್ಲಕ್ಷ್ಯ ಅಂತ ಪರಿಗಣಿಸಿ 6 ತಿಂಗಳು ಕೊಟ್ಟಿತು. ಜನ ಸಿಟ್ಟಾದರು. ಬಾಂಬೆ ಹೈಕೋರ್ಟ್ ತಾನಾಗಿಯೇ ಕೇಸ್ ಕೈಗೆತ್ತಿಕೊಂಡು, ಅದನ್ನು ನರಹತ್ಯೆ ಅಂತ ಮಾಡಿ 3 ವರ್ಷಕ್ಕೆ ಏರಿಸಿತು. 2012ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು.

ಅದೇ 2012ರಲ್ಲಿ ದೆಹಲಿಯ ಲೋಧಿ ರಸ್ತೆ ಬಿಎಂಡಬ್ಲ್ಯು ಕೇಸಿನ ತೀರ್ಪೂ ಬಂತು. 1999ರ ಜನವರಿಯ ಘಟನೆ ಅದು, ಸತ್ತವರು 6 ಜನ, ಅವರಲ್ಲಿ 3 ಪೊಲೀಸರು. ಕೆಳಗಿನ ಕೋರ್ಟ್ 5 ವರ್ಷ ಕೊಟ್ಟಿತ್ತು, ಹೈಕೋರ್ಟ್ ನಿರ್ಲಕ್ಷ್ಯಕ್ಕೆ ಇಳಿಸಿ 2 ವರ್ಷ ಮಾಡಿತ್ತು. ಸುಪ್ರೀಂ ಕೋರ್ಟ್ ಮತ್ತೆ ನರಹತ್ಯೆ ಅಂದಿತು. ಗುದ್ದಿದ ಮೇಲೆ ಸಹಾಯಕ್ಕೆ ನಿಲ್ಲದೆ ಹೊರಟುಹೋದದ್ದನ್ನು ಗಂಭೀರವಾಗಿ ತೆಗೆದುಕೊಂಡಿತು. ಆದರೂ ಅಷ್ಟರಲ್ಲಿ ಕಳೆದಿದ್ದ 2 ವರ್ಷದ ಜೈಲೇ ಸಾಕು, ಮೇಲೆ 50 ಲಕ್ಷ ರೂಪಾಯಿ ಮತ್ತು 2 ವರ್ಷ ಸಮಾಜಸೇವೆ ಅಂತ ಮುಗಿಸಿತು. ಹದಿಮೂರು ವರ್ಷದ ಮೇಲೆ ಬಂದ ನ್ಯಾಯ ಇದು. ಅಪರಾಧದ ಹೆಸರು ದೊಡ್ಡದಾಯಿತು, ಶಿಕ್ಷೆ ಇದ್ದಲ್ಲೇ ಇತ್ತು.

ಈ ಎರಡೂ ಕೇಸ್ ನಿಂತದ್ದು ಯಾಕೆ ಗೊತ್ತಾ? ರಕ್ತದ ವರದಿ ಕೈಯಲ್ಲಿತ್ತು.

ರಕ್ತ ಕಾಯುವುದಿಲ್ಲ

ನಮ್ಮ ದೇಹ ಆಲ್ಕೋಹಾಲನ್ನು, 100 ಮಿಲಿ ರಕ್ತದಲ್ಲಿ ಗಂಟೆಗೆ ಸುಮಾರು 15 ಮಿಲಿಗ್ರಾಂ ಲೆಕ್ಕದಲ್ಲಿ ಕರಗಿಸುತ್ತಾ ಹೋಗುತ್ತದೆ. ಒಬ್ಬೊಬ್ಬರಲ್ಲಿ ಸ್ವಲ್ಪ ಹೆಚ್ಚು ಕಡಿಮೆ. ಕಾರ್ಟರ್ ರಸ್ತೆಯ ಆ 112ನ್ನೇ ತೆಗೆದುಕೊಳ್ಳಿ. ರಕ್ತ ತೆಗೆಯುವುದು ಐದೂವರೆ ಗಂಟೆ ತಡವಾಗಿದ್ದರೆ ಅದು 30ರ ಹತ್ತಿರ ಬಂದಿರುತ್ತಿತ್ತು. ಎಂಟು ಗಂಟೆ ಕಳೆದಿದ್ದರೆ ಏನೂ ಇಲ್ಲ. ಮನುಷ್ಯ ಅವನೇ, ಕುಡಿತ ಅದೇ, ಸತ್ತವರೂ ಅವರೇ. ವರದಿಯಲ್ಲಿ ಮಾತ್ರ ಸೊನ್ನೆ.

2019ರ ಆಗಸ್ಟ್ 3ರ ನಸುಕಿನ ಒಂದು ಗಂಟೆಯ ಸುಮಾರಿಗೆ ತಿರುವನಂತಪುರದಲ್ಲಿ ಐಎಎಸ್ ಅಧಿಕಾರಿಯೊಬ್ಬರ ಕಾರು ಗುದ್ದಿ ಪತ್ರಕರ್ತರೊಬ್ಬರು ಸತ್ತರು. ಅಧಿಕಾರಿ ಕುಡಿದಿದ್ದರು ಅನ್ನುವುದು ಪೊಲೀಸರ ಆರೋಪ. ರಕ್ತ ತೆಗೆದದ್ದು ಮಾತ್ರ ಬೆಳಿಗ್ಗೆ ಹತ್ತು ಗಂಟೆಯ ಸುಮಾರಿಗೆ. ಆಲ್ಕೋಹಾಲ್ ಸಿಗಲಿಲ್ಲ. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದಂತೆ. 2022ರಲ್ಲಿ ಸೆಷನ್ಸ್ ಕೋರ್ಟ್ ನರಹತ್ಯೆಯ ಆರೋಪ ಕೈಬಿಟ್ಟಿತು. 2023ರಲ್ಲಿ ಕೇರಳ ಹೈಕೋರ್ಟ್ ಅದನ್ನು ವಾಪಸ್ ಸೇರಿಸಿತು, ಸುಪ್ರೀಂ ಕೋರ್ಟ್ ಒಪ್ಪಿತು. ಅಂದರೆ ವರದಿ ಇಲ್ಲದೆಯೂ ಕೇಸ್ ನಡೆಯಬಹುದು. ಆದರೆ ಒಂದು ಟ್ಯೂಬ್ ರಕ್ತದಿಂದ ತೀರ್ಮಾನ ಆಗಬೇಕಿದ್ದ ಪ್ರಶ್ನೆಗೆ ನಾಲ್ಕು ವರ್ಷ, ಮೂರು ಕೋರ್ಟ್ ಹಿಡಿಯಿತು. ಅದೂ ವಿಚಾರಣೆ ನಡೆಸಬಹುದಾ ಅನ್ನುವಷ್ಟಕ್ಕೆ.

ಕಾನೂನಿಗೆ ಇದು ಗೊತ್ತಿಲ್ಲದ್ದೇನಲ್ಲ. ಕುಡಿದು ಓಡಿಸಿದ್ದಕ್ಕೆ ಬಂಧಿಸಿದವರನ್ನು 2 ಗಂಟೆಯೊಳಗೆ ಪರೀಕ್ಷೆಗೆ ಒಳಪಡಿಸಬೇಕು, ಇಲ್ಲವಾದರೆ ಬಿಟ್ಟುಬಿಡಬೇಕು ಅಂತ ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 202 ಹೇಳುತ್ತದೆ. ಕುಡಿತ ಪತ್ತೆಹಚ್ಚುವ ಯಂತ್ರಕ್ಕೆ ಊದಲು ಒಪ್ಪದಿದ್ದರೆ, ಒಪ್ಪದ್ದನ್ನೇ ಅವನ ವಿರುದ್ಧದ ಸಂಗತಿಯಾಗಿ ಹಿಡಿಯಬಹುದು ಅಂತ ಸೆಕ್ಷನ್ 205 ಇದೆ. ತೊಡಕಿರುವುದು 203ರಲ್ಲಿ. ಅಪಘಾತವಾದಾಗ, ಚಾಲಕ ಕುಡಿದಿದ್ದಾನೆ ಅಂತ ಅನುಮಾನ ಬಂದರೆ ಪೊಲೀಸರು ಊದಿಸಬಹುದು ಅಂತಿದೆ. ಊದಿಸಲೇಬೇಕು ಅಂತಿಲ್ಲ. ಅನುಮಾನ ಬಂತೋ ಇಲ್ಲವೋ ಅನ್ನುವುದು ಆ ರಾತ್ರಿ ಡ್ಯೂಟಿಯಲ್ಲಿದ್ದವರಿಗೆ ಬಿಟ್ಟದ್ದು.

ರಕ್ತ ಬೇಗ ತೆಗೆದರೂ ಕೆಲಸ ಮುಗಿಯಲ್ಲ. ಬೂದು ಬಣ್ಣದ ಮುಚ್ಚಳದ ಪುಟ್ಟ ಟ್ಯೂಬ್ ಒಂದಿರುತ್ತದೆ. ಅದರೊಳಗೆ ಸೋಡಿಯಂ ಫ್ಲೋರೈಡ್ ಇರಬೇಕು, ಇಲ್ಲದಿದ್ದರೆ ರಕ್ತ ಹುಳಿತು ಟ್ಯೂಬಿನೊಳಗೇ ಆಲ್ಕೋಹಾಲ್ ಹುಟ್ಟಬಹುದು, ಇದ್ದದ್ದು ಕಡಿಮೆಯೂ ಆಗಬಹುದು. ಸೂಜಿ ಚುಚ್ಚುವ ಮುಂಚೆ ತೋಳಿಗೆ ಹಚ್ಚುವ ಹತ್ತಿ ಸ್ಪಿರಿಟ್‌ನದ್ದಾಗಿರಬಾರದು. ಸ್ಪಿರಿಟ್ ಅಂದರೂ ಆಲ್ಕೋಹಾಲೇ ತಾನೇ. "ಡಾಕ್ಟರೇ, ನೀವು ಯಾವ ಹತ್ತಿ ಬಳಸಿದಿರಿ?" ಆರೋಪಿ ಪರ ವಕೀಲರ ಈ ಒಂದು ಪ್ರಶ್ನೆಗೆ ಎಂಟು ವರ್ಷದ ಮೇಲೆ ಸಾಕ್ಷಿಕಟ್ಟೆಯಲ್ಲಿ ನಿಂತ ಡಾಕ್ಟರ್ ಉತ್ತರ ಕೊಡಬೇಕು. ಟ್ಯೂಬಿನ ಮೇಲೆ ಹೆಸರು, ಹೊತ್ತು, ಸಹಿ, ಅರಗಿನ ಸೀಲು. ಅದು ಎಷ್ಟು ದಿನ ಠಾಣೆಯಲ್ಲಿತ್ತು, ಫ್ರಿಜ್ಜಿನಲ್ಲಿತ್ತಾ ಮೇಜಿನ ಮೇಲಿತ್ತಾ, ಪ್ರಯೋಗಾಲಯಕ್ಕೆ ಯಾರು ಒಯ್ದರು, ಎಲ್ಲಕ್ಕೂ ದಾಖಲೆ ಬೇಕು. ಒಂದು ಕೊಂಡಿ ಕಳಚಿದರೂ ಸರಪಳಿ ಮುರಿದಂತೆ.

ನಟ ಸಲ್ಮಾನ್ ಖಾನ್ ಮೇಲಿದ್ದ 2002ರ ಅಪಘಾತದ ಕೇಸಿನಲ್ಲಿ ಸೆಷನ್ಸ್ ಕೋರ್ಟ್ 2015ರ ಮೇನಲ್ಲಿ 5 ವರ್ಷ ಶಿಕ್ಷೆ ಕೊಟ್ಟಿತು. ಅದೇ ಡಿಸೆಂಬರ್‌ನಲ್ಲಿ ಬಾಂಬೆ ಹೈಕೋರ್ಟ್ ಅವರನ್ನು ಖುಲಾಸೆ ಮಾಡಿತು. ಯಾರು ಓಡಿಸುತ್ತಿದ್ದರು ಅನ್ನುವುದೂ ಸಾಬೀತಾಗಿಲ್ಲ, ರಕ್ತದ ಮಾದರಿ ಸಾಗಿಬಂದ ದಾರಿಯೂ ನಂಬುವಂತಿಲ್ಲ ಅಂದಿತು. ಪುಣೆಯ ಕೇಸಿನಲ್ಲಂತೂ ಆಸ್ಪತ್ರೆಯಲ್ಲೇ ಮಾದರಿ ಬದಲಾಯಿಸಿದರು ಅನ್ನುವ ಆರೋಪದ ಮೇಲೆ ಡಾಕ್ಟರ್‌ಗಳನ್ನೇ ಬಂಧಿಸಿದರು. ಆ ಟ್ಯೂಬಿಗೆ ಎಷ್ಟು ಬೆಲೆ ಇದೆ ಅನ್ನುವುದು ಹೊರಗಿನವರಿಗಿಂತ ಒಳಗಿನವರಿಗೆ ಚೆನ್ನಾಗಿ ಗೊತ್ತು.

ಇದರ ಇನ್ನೊಂದು ಪರಿಣಾಮ ಅಂಕಿಅಂಶದಲ್ಲಿ ಕಾಣುತ್ತದೆ. ಕೇಂದ್ರ ಸಾರಿಗೆ ಸಚಿವಾಲಯದ ಪ್ರಕಾರ 2022ರಲ್ಲಿ ರಸ್ತೆಯಲ್ಲಿ ಸತ್ತವರು 1,68,491 ಜನ. ಅದರಲ್ಲಿ ಕುಡಿತ, ಮಾದಕ ವಸ್ತುವಿನಿಂದ ಆದದ್ದು ಶೇ 3ಕ್ಕಿಂತ ಕಡಿಮೆ. ಶೇ 70ಕ್ಕಿಂತ ಜಾಸ್ತಿ ಸಾವುಗಳ ಮುಂದೆ "ಅತಿವೇಗ" ಅಂತ ಬರೆದಿದೆ. ರಾತ್ರಿ ಹೊತ್ತು ಯಾವುದೇ ಹೆದ್ದಾರಿಯ ಢಾಬಾ ಮುಂದೆ ಅರ್ಧ ಗಂಟೆ ನಿಂತವರಿಗೂ ಆ ಶೇ 3 ನಂಬಲು ಕಷ್ಟ. ಊದಿಸದಿದ್ದರೆ ಕುಡಿತ ಸಿಗಲ್ಲ. ಸಿಗದಿದ್ದರೆ ಎಫ್‌ಐಆರ್‌ನಲ್ಲಿ ಬರಲ್ಲ. ಎಫ್‌ಐಆರ್‌ನಲ್ಲಿ ಬರದ್ದು ಲೆಕ್ಕಕ್ಕೂ ಇಲ್ಲ. ಲೆಕ್ಕದಲ್ಲಿ ಇಲ್ಲದ ಸಮಸ್ಯೆಗೆ ಸರ್ಕಾರ ದುಡ್ಡು ಇಡಲ್ಲ.

ನಿಂತರೆ ನಷ್ಟ, ಓಡಿದರೆ ಲಾಭ

ಈಗ ಚಾಲಕನ ಜಾಗದಲ್ಲಿ ಕೂತು ಲೆಕ್ಕ ಹಾಕಿ ನೋಡಿ. ಕುಡಿದಿದ್ದಾನೆ, ಗುದ್ದಿದ್ದಾನೆ. ನಿಂತರೆ ಪೊಲೀಸರು ಬರುತ್ತಾರೆ, ಊದಿಸುತ್ತಾರೆ, ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 185ರಲ್ಲಿ ಮೊದಲ ಸಲಕ್ಕೆ 10,000 ರೂಪಾಯಿ ದಂಡ ಅಥವಾ 6 ತಿಂಗಳು ಜೈಲು, ಅಥವಾ ಎರಡೂ. ಅದಕ್ಕಿಂತ ಹೆಚ್ಚಾಗಿ, ವರದಿ ಬಂದರೆ 106ರ ಕೇಸು 105 ಆಗುವ ಭಯ. ಓಡಿಹೋದರೆ? ಅಪಘಾತದ ಜಾಗದಲ್ಲಿ ನಿಲ್ಲದೆ, ಸಹಾಯ ಮಾಡದೆ, ಪೊಲೀಸರಿಗೂ ತಿಳಿಸದೆ ಹೋದದ್ದಕ್ಕೆ ಅದೇ ಕಾಯ್ದೆಯ ಸೆಕ್ಷನ್ 187 ಇದೆ. ಮೊದಲ ಸಲಕ್ಕೆ 6 ತಿಂಗಳವರೆಗೆ ಜೈಲು, ಅಥವಾ 5,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಕುಡಿದಿದ್ದಕ್ಕೆ ಕಟ್ಟುವ ದಂಡದ ಅರ್ಧ! ಒಂದು ರಾತ್ರಿ ಎಲ್ಲಾದರೂ ಮಲಗಿ ಎದ್ದರೆ ರಕ್ತವೂ ತಿಳಿಯಾಗಿರುತ್ತದೆ. 2024ರ ಜುಲೈ 7ರಂದು ಮುಂಬೈನ ವರ್ಲಿಯಲ್ಲಿ ಸ್ಕೂಟರಿಗೆ ಬಿಎಂಡಬ್ಲ್ಯು ಗುದ್ದಿ ಮಹಿಳೆಯೊಬ್ಬರು ಸತ್ತಾಗ, ಆರೋಪಿ ಪೊಲೀಸರ ಕೈಗೆ ಸಿಕ್ಕಿದ್ದು ಎರಡು ದಿನದ ಮೇಲೆ.

ಈ ತಲೆಕೆಳಗಾದ ಲೆಕ್ಕ ಸರಿ ಮಾಡಲೆಂದೇ ಹೊಸ ಸಂಹಿತೆಯಲ್ಲಿ 106(2) ಬರೆದರು. ಗುದ್ದಿ, ಪೊಲೀಸರಿಗೋ ಮ್ಯಾಜಿಸ್ಟ್ರೇಟರಿಗೋ ತಿಳಿಸದೆ ಓಡಿಹೋದರೆ 10 ವರ್ಷದವರೆಗೆ ಜೈಲು. 2024ರ ಜನವರಿ ಮೊದಲ ದಿನಗಳಲ್ಲಿ ದೇಶದ ಹಲವು ಕಡೆ ಲಾರಿಗಳು ನಿಂತುಬಿಟ್ಟವು, ಪೆಟ್ರೋಲ್ ಬಂಕ್ ಮುಂದೆ ಸಾಲು ಬೆಳೆದವು. ಸಾಗಣೆದಾರರ ಸಂಘಟನೆಯ ಜೊತೆ ಮಾತಾಡಿಯೇ ಜಾರಿಗೆ ತರುತ್ತೇವೆ ಅಂತ ಕೇಂದ್ರ ಹೇಳಿತು. ಜುಲೈ 1ರಂದು ಸಂಹಿತೆ ಜಾರಿಗೆ ಬಂತು, ಈ ಉಪವಿಭಾಗ ಒಂದನ್ನು ಬಿಟ್ಟು.

ಲಾರಿ ಚಾಲಕರ ಮಾತನ್ನು ಸುಮ್ನೆ ತಳ್ಳಿಹಾಕುವಂತಿಲ್ಲ. ಗುದ್ದಿದ್ದು ಯಾರ ತಪ್ಪಿನಿಂದ ಅಂತ ಕೇಳುವ ಮುಂಚೆಯೇ ಜನ ದೊಡ್ಡ ಗಾಡಿಯವನಿಗೆ ಹೊಡೆಯುತ್ತಾರೆ, ಗಾಡಿಗೆ ಬೆಂಕಿ ಇಡುತ್ತಾರೆ. ಪ್ರಾಣ ಉಳಿಸಿಕೊಳ್ಳಲು ಓಡಿದವನಿಗೂ, ಕುಡಿತ ಮುಚ್ಚಿಡಲು ಓಡಿದವನಿಗೂ ಒಂದೇ ಶಿಕ್ಷೆಯಾ ಅನ್ನುವುದು ಅವರ ಪ್ರಶ್ನೆ. ಅದಕ್ಕೆ ಉತ್ತರ ಸೆಕ್ಷನ್ನಿನಲ್ಲೇ ಇದೆ. ಜಾಗದಿಂದ ಹೋಗಬಾರದು ಅಂತ ಅದು ಹೇಳಲ್ಲ. ತಿಳಿಸದೆ ಹೋಗಬಾರದು ಅನ್ನುತ್ತದೆ. ಹತ್ತಿರದ ಠಾಣೆಗೆ ಗಾಡಿ ತಿರುಗಿಸಿದರೂ, ಬೇಗ ಫೋನ್ ಮಾಡಿ ಹೇಳಿದರೂ ಸಾಕು ಅಂತ ನಿಯಮದಲ್ಲಿ ಬಿಡಿಸಿ ಬರೆದಿದ್ದರೆ ಅರ್ಧ ಜಗಳ ಮುಗಿಯುತ್ತಿತ್ತು. ಅದನ್ನು ಬರೆಯುವ ಬದಲು ಸೆಕ್ಷನ್ನನ್ನೇ ಮಲಗಿಸಿಟ್ಟರು. ಅದರ ಲಾಭ ಲಾರಿಯವರಿಗಿಂತ ಹೆಚ್ಚಾಗಿ, ನಡುರಾತ್ರಿ ಪಾರ್ಟಿ ಮುಗಿಸಿ ಹೊರಟ ಕಾರಿನವರಿಗೆ ಆಗಿದೆ.

ಪುಣೆಯ ಹುಡುಗ ಯಾಕೆ ಇನ್ನೂ "ಮಗು"?

2025ರ ಜುಲೈನಲ್ಲಿ ಬಾಲನ್ಯಾಯ ಮಂಡಳಿ, ಆರೋಪಿಯನ್ನು ವಯಸ್ಕನಂತೆ ವಿಚಾರಣೆ ಮಾಡಬೇಕೆಂಬ ಪೊಲೀಸರ ಮನವಿ ತಳ್ಳಿಹಾಕಿದಾಗ ಮತ್ತೆ ಗಲಾಟೆ ಎದ್ದಿತು. ಇಲ್ಲಿರುವುದು ಒಂದು ತಾಂತ್ರಿಕ ಅಂಶ. 16 ದಾಟಿದವರನ್ನು ವಯಸ್ಕರಂತೆ ವಿಚಾರಣೆ ಮಾಡಲು ಅಪರಾಧ "ಹೇಯ" ಅನ್ನುವ ಗುಂಪಿಗೆ ಸೇರಬೇಕು. ಅಂದರೆ ಕನಿಷ್ಠ ಶಿಕ್ಷೆಯೇ 7 ವರ್ಷ ಇರಬೇಕು. ಐಪಿಸಿ 304ರಲ್ಲಿ ಗರಿಷ್ಠ ಇತ್ತು, ಕನಿಷ್ಠ ಇರಲಿಲ್ಲ. ಕನಿಷ್ಠ ಇಲ್ಲದ ಅಪರಾಧ ಆ ಗುಂಪಿಗೆ ಬರಲ್ಲ ಅಂತ 2020ರಲ್ಲೇ ಸುಪ್ರೀಂ ಕೋರ್ಟ್ ಹೇಳಿಯಾಗಿತ್ತು. ಆ ತೀರ್ಪೂ ಹುಟ್ಟಿದ್ದು ದೆಹಲಿಯಲ್ಲಿ ಬಾಲಕನೊಬ್ಬ ಕಾರು ಓಡಿಸಿ ಒಬ್ಬರನ್ನು ಸಾಯಿಸಿದ ಕೇಸಿನಿಂದಲೇ. ಸಂಸತ್ತು ಈ ಕಂದಕ ಮುಚ್ಚಬಹುದಿತ್ತು, ಮುಚ್ಚಿಲ್ಲ. ಹುಡುಗರ ಕೈಗೆ ಕೀ ಕೊಟ್ಟ ಪೋಷಕರಿಗೆ ಮಾತ್ರ ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 199ಎ ಇದೆ: 3 ವರ್ಷದವರೆಗೆ ಜೈಲು, 25,000 ದಂಡ, ಗಾಡಿಯ ನೋಂದಣಿ ಒಂದು ವರ್ಷ ರದ್ದು.

ಸೈಕಲ್ಲಿನವನ ಮನೆಯ ಲೆಕ್ಕ

ಸೈಕಲ್ ಅಂದಾಕ್ಷಣ ಹೆಲ್ಮೆಟ್ ಹಾಕಿ ದುಬಾರಿ ಗಾಡಿ ತುಳಿಯುವವರು ಕಣ್ಣಿಗೆ ಬರುತ್ತಾರೆ. 2011ರ ಜನಗಣತಿ ಪ್ರಕಾರ ದೇಶದ ಸುಮಾರು ಶೇ 45 ಮನೆಗಳಲ್ಲಿ ಸೈಕಲ್ ಇತ್ತು. ಪೇಪರ್ ಹಾಕುವ ಹುಡುಗ, ಹಾಲಿನವರು, ರಾತ್ರಿ ಪಾಳಿ ಮುಗಿಸಿ ಹೊರಟ ಸೆಕ್ಯುರಿಟಿಯವರು, ಕಟ್ಟಡದ ಕೆಲಸಕ್ಕೆ ಹೊರಟ ಗಾರೆಯವರು. ಒಬ್ಬರ ರಾತ್ರಿ ಮುಗಿಯುವ ಹೊತ್ತಿಗೆ ಇನ್ನೊಬ್ಬರ ಬೆಳಗು ಶುರುವಾಗುತ್ತದೆ. ಎರಡೂ ಎದುರಾಗುವ ಆ ನಾಲ್ಕರಿಂದ ಆರರ ನಡುವೆ ರಸ್ತೆಯಲ್ಲಿ ಸಾಕ್ಷಿ ಇರಲ್ಲ, ಠಾಣೆಯಲ್ಲಿ ಇಬ್ಬರೋ ಮೂವರೋ ಇರುತ್ತಾರೆ, ಆಸ್ಪತ್ರೆಯಲ್ಲಿ ಒಬ್ಬ ಡ್ಯೂಟಿ ಡಾಕ್ಟರ್.

ಸತ್ತವರ ಮನೆಯವರಿಗೆ ಎರಡು ಬೇರೆ ಬೇರೆ ದಾರಿಗಳಿವೆ, ಇದು ಬಹಳ ಜನಕ್ಕೆ ಗೊತ್ತಿರಲ್ಲ. ಒಂದು ಕ್ರಿಮಿನಲ್ ಕೇಸ್, ಅದನ್ನು ಸರ್ಕಾರ ನಡೆಸುತ್ತದೆ. ಇನ್ನೊಂದು ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿ. ಇಲ್ಲಿ "ಸಂಶಯಕ್ಕೆ ಎಡೆಯಿಲ್ಲದಂತೆ" ಸಾಬೀತು ಮಾಡಬೇಕಿಲ್ಲ. ಹೀಗೆ ನಡೆದಿರುವ ಸಾಧ್ಯತೆಯೇ ಹೆಚ್ಚು ಅಂತ ತೋರಿಸಿದರೆ ಸಾಕು. ಅಲ್ಲಿ ಖುಲಾಸೆ ಆದರೂ ಇಲ್ಲಿ ಪರಿಹಾರ ಸಿಗಬಹುದು.

ಲೆಕ್ಕಕ್ಕೆ ಒಂದು ಉದಾಹರಣೆ. 38 ವರ್ಷದ ಸೆಕ್ಯುರಿಟಿ ಗಾರ್ಡ್, ತಿಂಗಳಿಗೆ 15,000. ಮನೆಯಲ್ಲಿ ಹೆಂಡತಿ, ಇಬ್ಬರು ಮಕ್ಕಳು, ತಾಯಿ. ಸುಪ್ರೀಂ ಕೋರ್ಟಿನ 2009 ಮತ್ತು 2017ರ ತೀರ್ಪುಗಳ ಸೂತ್ರ ಹಿಡಿದರೆ, ಮುಂದೆ ಸಂಬಳ ಏರುತ್ತಿತ್ತು ಅಂತ ಶೇ 40 ಸೇರಿಸಬೇಕು: 21,000. ತನ್ನ ಖರ್ಚಿಗೆ ಅಂತ ಕಾಲುಭಾಗ ಕಳೆಯಬೇಕು: 15,750. ವರ್ಷಕ್ಕೆ 1,89,000. ಈ ವಯಸ್ಸಿಗೆ ಗುಣಕ 15. ಒಟ್ಟು 28,35,000 ರೂಪಾಯಿ. ಅಂತ್ಯಕ್ರಿಯೆ ಇತ್ಯಾದಿ ಬಾಬ್ತು ಇದರ ಮೇಲೆ.

ಇದು ಗುದ್ದಿದ ಗಾಡಿ ಸಿಕ್ಕರೆ. ಸಿಗದಿದ್ದರೆ? ಗುದ್ದಿ ಓಡಿದ ಕೇಸುಗಳಿಗೆ ಇರುವ ಸರ್ಕಾರಿ ಯೋಜನೆಯಲ್ಲಿ ಸಾವಿಗೆ 2 ಲಕ್ಷ, ತೀವ್ರ ಗಾಯಕ್ಕೆ 50,000. 2022ರ ಏಪ್ರಿಲ್‌ವರೆಗೆ ಸಾವಿಗೆ 25,000 ಮಾತ್ರ ಇತ್ತು. 28 ಲಕ್ಷಕ್ಕೂ 2 ಲಕ್ಷಕ್ಕೂ ಇರುವ ವ್ಯತ್ಯಾಸ ಒಂದು ನಂಬರ್ ಪ್ಲೇಟ್. ಮೂಲೆ ಅಂಗಡಿಯ ಸಿಸಿಟಿವಿಯಲ್ಲಿ ಹಳೆಯ ದೃಶ್ಯದ ಮೇಲೆ ಹೊಸದು ಕೂರುವ ಮುಂಚೆ ಯಾರಾದರೂ ಹೋಗಿ ಕೇಳಿದರಾ ಅನ್ನುವುದರ ಮೇಲೆ ಮಕ್ಕಳ ಓದು ನಿಂತಿದೆ.

ಚಾಲಕ ಕುಡಿದಿದ್ದ ಅಂತಾದರೆ ವಿಮಾ ಕಂಪನಿ ಕೈತೊಳೆದುಕೊಳ್ಳುತ್ತದಾ? 2019ರ ತಿದ್ದುಪಡಿ ಆ ನೆಪಕ್ಕೆ ಜಾಗ ಕೊಟ್ಟಿದೆ. ಆದರೂ ಮೊದಲು ಸಂತ್ರಸ್ತರಿಗೆ ದುಡ್ಡು ಕೊಡಿ, ಆಮೇಲೆ ಗಾಡಿಯವರಿಂದ ವಸೂಲು ಮಾಡಿಕೊಳ್ಳಿ ಅಂತ ಹೈಕೋರ್ಟ್‌ಗಳು ಆದೇಶ ಕೊಟ್ಟಿವೆ. ಕಂಪನಿಗಳ ಇನ್ನೊಂದು ವಾದ, ಸೈಕಲ್ಲಿಗೆ ಹಿಂದೆ ಲೈಟ್ ಇರಲಿಲ್ಲ, ಅವನದ್ದೂ ತಪ್ಪಿದೆ ಅಂತ. ಹಾಗೆ ಹೇಳಿದರೆ ಸಾಲದು, ಕಂಪನಿಯೇ ತೋರಿಸಬೇಕು. ನೂರು ಇನ್ನೂರು ರೂಪಾಯಿಯ ಕೆಂಪು ದೀಪ ಕತ್ತಲಲ್ಲಿ ಜೀವ ಉಳಿಸಬಹುದು, ಈ ವಾದದ ಬಾಯಿಯನ್ನೂ ಮುಚ್ಚಿಸಬಹುದು.

ಅರ್ಜಿ ಹಾಕಲು 2022ರಿಂದ 6 ತಿಂಗಳ ಗಡುವು ಬಂದಿದೆ. ಅದನ್ನು ಪ್ರಶ್ನಿಸಿದವರು ಸುಪ್ರೀಂ ಕೋರ್ಟಿನಲ್ಲಿದ್ದಾರೆ. ತಡವಾಯಿತೆಂದು ಅರ್ಜಿ ವಜಾ ಮಾಡಬೇಡಿ ಅಂತ 2025ರ ನವೆಂಬರ್‌ನಲ್ಲಿ ಮಧ್ಯಂತರ ಆದೇಶವೂ ಬಂದಿದೆ. ಆದರೂ ಗಡುವಿನೊಳಗೆ ಹಾಕುವುದೇ ಕ್ಷೇಮ. ಪೊಲೀಸರು 48 ಗಂಟೆಯೊಳಗೆ ನ್ಯಾಯಮಂಡಳಿಗೆ ಮೊದಲ ಅಪಘಾತ ವರದಿ ಕಳಿಸಬೇಕು ಅಂತ ನಿಯಮವಿದೆ. ಕಳಿಸಿದ್ದೀರಾ ಅಂತ ಮನೆಯವರು ಧಾರಾಳವಾಗಿ ಕೇಳಬಹುದು. ಗಾಯಗೊಂಡವರು ಬದುಕಿದ್ದರೆ, 2025ರ ಮೇಯಿಂದ ಜಾರಿಯಲ್ಲಿರುವ ಯೋಜನೆಯಲ್ಲಿ 7 ದಿನದವರೆಗೆ 1.5 ಲಕ್ಷದವರೆಗಿನ ನಗದುರಹಿತ ಚಿಕಿತ್ಸೆ ಸಿಗುತ್ತದೆ.

ಕ್ರಿಮಿನಲ್ ಕೇಸಿನಲ್ಲೂ ಮನೆಯವರು ಬರೀ ಪ್ರೇಕ್ಷಕರಾಗಿ ಕೂರಬೇಕಿಲ್ಲ. ತನಿಖೆ ಎಲ್ಲಿಗೆ ಬಂತು ಅಂತ 90 ದಿನದೊಳಗೆ ಪೊಲೀಸರು ಅವರಿಗೆ ತಿಳಿಸಬೇಕು. ಜಾಮೀನು ವಿಚಾರಣೆಯಲ್ಲೂ ಸಂತ್ರಸ್ತರ ಮಾತು ಕೇಳಬೇಕು ಅಂತ ಲಖಿಂಪುರ ಖೇರಿ ಕೇಸಿನಲ್ಲಿ 2022ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ, ಕೇಳದೆ ಕೊಟ್ಟ ಜಾಮೀನನ್ನೇ ರದ್ದು ಮಾಡಿದೆ.

ಬಣ್ಣ ಬಳಿದ ಪಟ್ಟಿ

ರಸ್ತೆ ಕಟ್ಟುವವರ ಹೊಣೆ ಈ ಚರ್ಚೆಯಲ್ಲಿ ಬರುವುದೇ ಕಡಿಮೆ. ಬೆಂಗಳೂರಿನ ಹೊರವರ್ತುಲ ರಸ್ತೆಯಲ್ಲಿ 2020ರಲ್ಲಿ ಸೈಕಲ್ ಪಟ್ಟಿ ಮಾಡಿದರು. ಗೂಟಗಳು ಒಂದೊಂದಾಗಿ ಮಾಯವಾದವು, ಪಟ್ಟಿಯೊಳಗೆ ಬೈಕ್‌ಗಳು ನುಗ್ಗಿದವು. ಬರೀ ಬಣ್ಣ ಕುಡಿದವನನ್ನು ತಡೆಯಲ್ಲ, ಕಾಂಕ್ರೀಟ್ ಅಂಚು ತಡೆಯುತ್ತದೆ. ಮೋಟಾರಿಲ್ಲದ ವಾಹನಗಳು ಮತ್ತು ಪಾದಚಾರಿಗಳ ಬಗ್ಗೆ ನಿಯಮ ಮಾಡಲು ರಾಜ್ಯಗಳಿಗೆ 2019ರಲ್ಲೇ ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 138(1ಎ) ಅಧಿಕಾರ ಕೊಟ್ಟಿತ್ತು. ಆರು ತಿಂಗಳೊಳಗೆ ಆ ನಿಯಮ ಮಾಡಿ ಅಂತ 2025ರ ಅಕ್ಟೋಬರ್ 7ರಂದು ಸುಪ್ರೀಂ ಕೋರ್ಟ್ ಹೇಳಬೇಕಾಯಿತು. ಕೊಯಮತ್ತೂರಿನ ಮೂಳೆ ವೈದ್ಯರೊಬ್ಬರು 2012ರಲ್ಲಿ ಹಾಕಿದ ಅರ್ಜಿ ಅದು.

ಶಿಕ್ಷೆ ಏರಿಸಿದರೆ ಸಾಕಾ?

ಇಲ್ಲಿ ಎರಡು ಪಾಳಯ. ಕುಡಿದು ಸಾಯಿಸಿದರೆ ನೇರ 105, ಕನಿಷ್ಠ 7 ವರ್ಷ ಅನ್ನುವುದು ಒಂದು. ಅವರ ಸಿಟ್ಟಿಗೆ ಕಾರಣ ಇದೆ. ಪಂಜಾಬಿನ ಒಂದು ಕೇಸಿನಲ್ಲಿ, ಸ್ವಲ್ಪ ಪರಿಹಾರ ಕೊಟ್ಟಿದ್ದಾನೆ ಅಂತ ಹೈಕೋರ್ಟ್ ಒಂದು ವರ್ಷದ ಶಿಕ್ಷೆಯನ್ನು ಆಗಲೇ ಕಳೆದಿದ್ದ 24 ದಿನಕ್ಕೆ ಇಳಿಸಿತ್ತು. 2015ರಲ್ಲಿ ಸುಪ್ರೀಂ ಕೋರ್ಟ್ ಅದನ್ನು 6 ತಿಂಗಳಿಗೆ ಏರಿಸಿ, 304ಎ ಸೆಕ್ಷನ್ನಿನ ಶಿಕ್ಷೆಯನ್ನೇ ಮತ್ತೊಮ್ಮೆ ನೋಡಿ ಅಂತ ಸಂಸತ್ತಿಗೆ ಹೇಳಿತು. ಇನ್ನೊಂದು ಪಾಳಯದ ವಾದ, ನಿರ್ಲಕ್ಷ್ಯಕ್ಕೂ ನರಹತ್ಯೆಗೂ ಇರುವ ಗೆರೆ ಅಳಿಸಬಾರದು, ಸಿಟ್ಟಿನಲ್ಲಿ ಬರೆದ ಕಾನೂನು ತಪ್ಪು ಮಾಡದವರನ್ನೂ ಒಳಗೆ ಹಾಕುತ್ತದೆ ಅಂತ.

ಎರಡೂ ಕಡೆಯವರು ಚಾಲಕ ಸಿಕ್ಕಿಬಿದ್ದಿದ್ದಾನೆ, ಕುಡಿದದ್ದು ಸಾಬೀತಾಗಿದೆ ಅಂತ ಒಪ್ಪಿಕೊಂಡೇ ವಾದ ಮಾಡುತ್ತಾರೆ. ನನಗೆ ಕಾಣುವ ತೊಡಕು ಅಲ್ಲೇ. ಕುಡಿತಕ್ಕೆ ಶಿಕ್ಷೆ ಏರಿಸಿ, ಓಡಿಹೋದದ್ದಕ್ಕೆ 5,000 ರೂಪಾಯಿಯನ್ನೇ ಇಟ್ಟರೆ ಓಡುವವರು ಜಾಸ್ತಿ ಆಗುತ್ತಾರೆ, ಟ್ಯೂಬಿಗೆ ಕಟ್ಟುವ ಲಂಚದ ಬೆಲೆಯೂ ಏರುತ್ತದೆ. ಬದಲಿಗೆ, ಸಾವು ಸಂಭವಿಸಿದ ಪ್ರತಿ ಅಪಘಾತದಲ್ಲೂ ಅನುಮಾನ ಇರಲಿ ಬಿಡಲಿ ಚಾಲಕರನ್ನು 2 ಗಂಟೆಯೊಳಗೆ ಊದಿಸಿ ರಕ್ತ ತೆಗೆಯಲೇಬೇಕು ಅಂತ ಮಾಡಿದರೆ, ಯಾರ ಮಗ, ಯಾವ ಕಾರು ಅನ್ನುವ ಪ್ರಶ್ನೆಯೇ ಏಳಲ್ಲ. ತಪ್ಪು ಮಾಡದ ಲಾರಿಯವನಿಗೂ ಅದೇ ವರದಿ ರಕ್ಷಣೆ. ಅದರ ಜೊತೆ 106(2)ನ್ನು ಎಬ್ಬಿಸಿ, ಠಾಣೆಗೆ ಹೋಗಿ ತಿಳಿಸಿದವನಿಗೆ ಅದು ತಾಗಲ್ಲ ಅಂತ ಬಿಡಿಸಿ ಬರೆದರೆ, ನಿಲ್ಲುವುದಕ್ಕೆ ಒಂದು ಕಾರಣವಾದರೂ ಸಿಗುತ್ತದೆ.

ಸೆಕ್ಷನ್ 203ರಲ್ಲಿ ಬದಲಾಗಬೇಕಿರುವುದು "ಬಹುದು" ಅನ್ನುವ ಒಂದು ಪದ. ಠಾಣೆಗೆ ಬೇಕಿರುವುದು ಊದುವ ಯಂತ್ರ, ಬೂದು ಮುಚ್ಚಳದ ಒಂದಿಷ್ಟು ಟ್ಯೂಬು, ಸ್ಪಿರಿಟ್ ಇಲ್ಲದ ಹತ್ತಿ, ಅವನ್ನಿಡಲು ಒಂದು ಚಿಕ್ಕ ಫ್ರಿಜ್ಜು.